ತೂತಿನ ಪತ್ರಿಕೆ

ಅರ್ಧ ಚಂದಾ ನಮ್ಮದು, ಅರ್ಧ ಉತ್ತಯ್ಯ ಭಾವನದು. ಆದರೆ ಪತ್ರಿಕೆ ಮಾತ್ರ ನಮ್ಮ ಮನೆಗೆ ತೂತು ಬಿದ್ದೇ ಬರುತ್ತಿತ್ತು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಉತ್ತಯ್ಯ ಭಾವ ನನ್ನ ಗಂಡ ಧರ್ಮಪಾಲರ ದೊಡ್ಡಪ್ಪನ ಮಗ. ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ ಅದು. ಮೈಸೂರಿನಿಂದ ಬರುವ ವಾರಪತ್ರಿಕೆ ನಮಗೆ ಪರರಾಜ್ಯದ ಸರಕು. ಅದನ್ನು ತರುವ ಮಡಿಕೇರಿ ಬಸ್ಸು ನಾಪೋಕ್ಲಿನಲ್ಲಿ ಭಾವನ ಗೇಟಿನ ಮುಂದೆಯೇ ನಿಲ್ಲುತ್ತಿತ್ತು. ನಮ್ಮ ಮನೆ ಗದ್ದೆಯ ಆಚೆ. ಹಾಗಾಗಿ ಮೊದಲ ಓದು ಅವರದು. ಅದಕ್ಕೆ ನನ್ನ ತಕರಾರಿರಲಿಲ್ಲ. ಓದಿದ ಮೇಲೆ ಕತ್ತರಿ ಹಿಡಿಯುತ್ತಿದ್ದರಲ್ಲ, ತಕರಾರು ಅದಕ್ಕೆ. ಪದಬಂಧದ ಚೌಕ, ಪಕ್ಕದ ಸುಳಿವುಗಳು, ಎಲ್ಲವನ್ನೂ ಸೇರಿಸಿ ಕತ್ತರಿಸಿ, ತುಂಬಿಸಿ, ಅಂಚೆಗೆ ಹಾಕುತ್ತಿದ್ದರು. ಅಚ್ಚಾದ ಚೌಕವನ್ನೇ ಕಳಿಸಬೇಕು, ಕೈಯಲ್ಲಿ ಗೀಚಿದ್ದು ನಡೆಯದು ಎಂಬುದು ಪತ್ರಿಕೆಯ ನಿಯಮ. ಬಹುಮಾನವೇನೂ ಇಲ್ಲ. ಎಲ್ಲವನ್ನೂ ಸರಿಯಾಗಿ ಬಿಡಿಸಿದವರ ಹೆಸರು ಊರಿನ ಸಮೇತ ಅಚ್ಚಾಗುತ್ತಿತ್ತು, ಅಷ್ಟೇ. ಭಾವನ ಹೆಸರು ಒಂದು ಸಲವೂ ಬಂದಿರಲಿಲ್ಲ.

ನನ್ನ ಪಾಲಿಗೆ ಬರುತ್ತಿದ್ದದ್ದು ಬರೀ ಉತ್ತರ. ಮುಂದಿನ ವಾರ ಬೇರೊಂದು ಪುಟದಲ್ಲಿ ಅದು ವಿವರಣೆಯೊಡನೆ ಇರುತ್ತಿತ್ತು. 'ಪವನದ ಮೊದಲಕ್ಷರ ಹೋದರೆ ವನ. ಇದು ಬಹಳ ಸುಲಭ.' ಯಾರಿಗೆ ಸುಲಭ? ಪ್ರಶ್ನೆಯ ಮುಖವನ್ನೇ ನೋಡದವಳಿಗಾ? ಸಿಟ್ಟಿಗೆ ನಾನೇ ಪ್ರಶ್ನೆ ಕಟ್ಟತೊಡಗಿದೆ. 'ಗಾಳಿಯ ತಲೆ ಹಾರಿತು, ಕಾಡು ಉಳಿಯಿತು' ಎಂದು ಕೇಳಿರಬಹುದು. 'ನವಜೀವನ: ಎಡದಿಂದಲೂ ಬಲದಿಂದಲೂ ಒಂದೇ.' ಹಾಗಾದರೆ 'ತಿರುಗಿ ಬಂದರೂ ಅದೇ ಹೊಸ ಬಾಳು' ಎಂದಿದ್ದಿರಬೇಕು. ಸಾರಿನ ರುಚಿ ನೋಡಿ ಏನೇನು ಹಾಕಿದ್ದಾರೆಂದು ಹೇಳಿದ ಹಾಗೆ ವರ್ಷವಿಡೀ ಇದನ್ನೇ ಮಾಡಿದೆ. ಸುಳಿವು ಕಟ್ಟುವವನ ಬುದ್ಧಿ ಯಾವ ದಾರಿಯಲ್ಲಿ ಹೋಗುತ್ತದೆಂದು ನನಗೆ ಚೆನ್ನಾಗಿ ತಿಳಿದುಹೋಯಿತು. ಆದರೆ ಒಂದೇ ಒಂದು ಸಲ, ತೂತಿಲ್ಲದ ಪತ್ರಿಕೆ ಹಿಡಿದು ಬಿಡಿಸಿ, ನನ್ನ ಹೆಸರು ಅಚ್ಚಾದದ್ದನ್ನು ನೋಡಬೇಕೆಂಬ ಆಸೆ ಹಾಗೇ ಉಳಿಯಿತು.

ಗಂಡನಿಗೆ ಹೇಳಿದೆ. "ಉತ್ತರ ಉಟ್ಟಲ್ಲ, ಪ್ರಶ್ನೆ ಎಂತಕೆ ನಿಂಗೆ?" ಎಂದರು. ಉತ್ತರ ಇದ್ದರೆ ಸಾಕಂತೆ. ಸಿಪ್ಪೆ ಸುಲಿದ ಬಾಳೆಹಣ್ಣನ್ನು ತಿನ್ನುವುದಕ್ಕೇ ಹುಟ್ಟಿದ ಜನ ಇವರು.

ಕೊನೆಗೆ ಭಾವ ಮದುವೆಯೊಂದಕ್ಕೆ ಸೋಮವಾರಪೇಟೆಗೆ ಹೋದ ವಾರ ಪತ್ರಿಕೆ ನೇರವಾಗಿ ನನ್ನ ಕೈಗೆ ಬಂತು. ಅನ್ನ ತಳ ಹಿಡಿಯಿತು. ಹಿಡಿಯಲಿ ಎಂದು ಕೂತು ಅಷ್ಟನ್ನೂ ಬಿಡಿಸಿದೆ. 'ಯಮುನ, ನಾಪೋಕ್ಲು' ಎಂದು ಬರೆದು ನಾನೇ ಹೋಗಿ ಅಂಚೆಗೆ ಹಾಕಿದೆ. ಮುಂದಿನ ವಾರ ಬಂದ ಉತ್ತರಗಳಲ್ಲಿ ನನ್ನದೊಂದೂ ತಪ್ಪಿರಲಿಲ್ಲ. ಹೆಸರು ಬರುವುದು ಅದರ ಮರುವಾರ.

ಆ ವಾರ ಪತ್ರಿಕೆ ಮತ್ತೆ ಭಾವನ ಮನೆ ಹಾದು ಬಂತು. ಎಲ್ಲಾ ಪುಟ ಹುಡುಕಿದೆ. ಹೆಸರುಗಳ ಪಟ್ಟಿಯೇ ಇಲ್ಲ. ಆ ತಿಂಗಳಿಂದ ಅದನ್ನು ಪದಬಂಧದ ಬೆನ್ನಿಗೇ, ಅದೇ ಹಾಳೆಯ ಹಿಂಬದಿಗೆ, ಅಚ್ಚುಹಾಕತೊಡಗಿದ್ದರು. 'ಸರಿಯುತ್ತರ' ಎಂಬ ತಲೆಬರಹದ ತುಂಡೊಂದು ತೂತಿನ ಅಂಚಿನಲ್ಲಿ ಉಳಿದಿತ್ತು.

ಗದ್ದೆ ಹಾಯ್ದು ಓಡಿದೆ. ಭಾವ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು.

"ಪಟ್ಟಿ ಎಲ್ಲಿ ಭಾವ?"

"ಬೆಳಿಗ್ಗೆನೇ ಅಂಚೆಗೆ ಹೋತು. ನಿನ್ನ ಹೆಸ್ರು ಇತ್ತ್, ನಾ ನೋಡಿದೆ."

"ನೋಡಿಯೂ ಕತ್ತರಿಸಿದ್ದಾ?"

"ಮತ್ತೆ? ನನ್ನ ಪದಬಂಧ ಕಳ್ಸೋದು ಬೇಡ್ವ? ನಿನ್ನ ಹೆಸ್ರು ಬಂದುಟ್ಟು ಅಂತ ಹೇಳ್ದೆನಲ್ಲ, ಸಾಕಲ್ಲ."

ಸಾಕಂತೆ! ಒಂದು ವರ್ಷ ಕಾದು ಸಂಪಾದಿಸಿದ್ದನ್ನು ಇವರು ನೋಡಿದರೆ ನನಗೆ ಸಾಕಂತೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಮನೆಗೆ ಬಂದೆ. ನುಂಗಿದ್ದು ಜೀರ್ಣವಾಗಲಿಲ್ಲ.

ಮುಂದಿನ ವಾರ ಬಸ್ಸು ಬರುವ ಹೊತ್ತಿಗೆ ಭಾವನ ಗೇಟಿನ ಮುಂದೆ ನಾನಿದ್ದೆ. ಕಂಡಕ್ಟರ್ ಚಾಚಿದ ಪತ್ರಿಕೆಯನ್ನು ಭಾವನ ಕೈಗಿಂತ ಮೊದಲು ನನ್ನ ಕೈ ಹಿಡಿಯಿತು. ಅಲ್ಲೇ ಮೋರಿಕಟ್ಟೆಯ ಮೇಲೆ ಕೂತು ಪೆನ್ನು ತೆಗೆದೆ.

"ಇತ್ತ ಕೊಡ್, ಜನ ನೋಡ್ತಾರೆ," ಎಂದರು ಭಾವ.

"ನೋಡ್ಲಿ."

ಗದ್ದೆಯ ಬದುವಿನಲ್ಲಿ ಗಂಡ ಏದುಸಿರು ಬಿಡುತ್ತ ಬಂದರು, ಅವರೂ ಅದನ್ನೇ ಅಂದರು. ಆಗ ನಾನು ಮೂರನೇ ಸುಳಿವಿನಲ್ಲಿದ್ದೆ. ಬಸ್ಸಿಳಿದವರು, ಸಂತೆಗೆ ಹೊರಟವರು, ಎಲ್ಲರೂ ನಿಂತು ನೋಡಿದರು. ಕೊನೆಯ ಮನೆಯನ್ನೂ ಮಸಿಯಲ್ಲಿ ತುಂಬಿಸಿ ಹಾಳೆ ತಿರುವಿದೆ. ಬೆನ್ನಿನಲ್ಲಿ ಆ ವಾರದ ಹೆಸರುಗಳಿದ್ದವು. ಕತ್ತರಿಸಿ ಕಳಿಸಿದರೆ ನನ್ನ ಹೆಸರು ಮತ್ತೆ ಬರುತ್ತಿತ್ತು. ಆದರೆ ಅಷ್ಟು ಜನರ ಹೆಸರಿಗೆ ಕತ್ತರಿ ಇಡಲು ನನಗೆ ಮನಸ್ಸಾಗಲಿಲ್ಲ. ಪತ್ರಿಕೆಯನ್ನು ಹಾಗೇ, ಇಡಿಯಾಗಿ, ಭಾವನ ಕೈಗಿಟ್ಟೆ.

"ಇವು ಹೆಸ್ರು. ಕತ್ತರಿಸಿ ಬಿಸಾಡುವ ಕಾಗ್ದ ಅಲ್ಲ. ಗಟ್ಟಿಯಾಗಿ ಓದಿ."

ಭಾವ ಸುತ್ತ ನೋಡಿದರು. ಯಾರೂ ಕದಲಲಿಲ್ಲ. ತುಟಿಯೊಳಗೇ ಏನೋ ಮಣಮಣ ಅಂದರು.

"ಕೇಳ್ತಾ ಇಲ್ಲೆ ಭಾವ," ಎಂದೆ. "ಊರಿನ ಸಮೇತ ಓದಿ."