ಒಲೆ ಹಚ್ಚದ ಮನೆಯಲ್ಲಿ ಅಡುಗೆಯ ಮಾತು

ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ಶನಿವಾರ ಬೆಳಿಗ್ಗೆ ತೀರಿಕೊಂಡಳು. ಅಂದಿನಿಂದ ಬೈರಾಪಟ್ಟಣದ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಸೂತಕವಾದ್ದರಿಂದ ದೇವರಕೋಣೆಯ ಬಾಗಿಲೂ ಮುಚ್ಚಿತ್ತು. ನಾನು ಜಗಲಿಯ ಮೇಲೆ ಕುಳಿತು ಮನಸ್ಸಿನಲ್ಲೇ ರಂಗನಾಥಸ್ವಾಮಿಯ ನಾಮ ಹೇಳಿಕೊಳ್ಳುತ್ತಿದ್ದೆ. ನೆರೆಯವರು ತಂದುಕೊಟ್ಟ ಅನ್ನವನ್ನು ಉಣ್ಣದೆ ಹಾಗೇ ಮುಚ್ಚಿಡುತ್ತಿದ್ದೆ.

ಸೋಮವಾರ ಹಾಲುತುಪ್ಪ. ಸತ್ತವಳ ತವರಿನವರು ಬಂದು, ಹೊಲದಲ್ಲಿ ಅವಳನ್ನು ಹೂತ ಗುಡ್ಡೆಯ ಮೇಲೆ ಮೊದಲು ಹಾಲೆರೆಯಬೇಕು. ಆಮೇಲೆ ಮಗಳು ಒಲೆ ಹಚ್ಚಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಊರ ಗಡಿ ದಾಟುವಂತಿಲ್ಲ. ನನ್ನ ಭಾವಮೈದ ಕೆಂಪರಾಜು ಮಣ್ಣು ಮುಗಿಸಿಕೊಂಡು, ದನಕರುಗಳಿಗೆ ಯಾರೂ ಇಲ್ಲವೆಂದು ಉಯ್ಯಂಬಳ್ಳಿಗೆ ಹಿಂತಿರುಗಿದ್ದ. ಸೋಮವಾರ ಹೊತ್ತು ಮೂಡುವುದರೊಳಗೆ ಬರುತ್ತೇನೆಂದು ಹೇಳಿ ಹೋಗಿದ್ದವನು ಬಿಸಿಲೇರಿದರೂ ಬರಲಿಲ್ಲ.

ಮಗಳು ಕಾಣಿಸಲಿಲ್ಲವೆಂದು ಹುಡುಕಿಕೊಂಡು ಹೋದೆ. ಭಾನುಪ್ರಿಯ ಕೊಟ್ಟಿಗೆಯಲ್ಲಿ ಹುಲ್ಲಿನ ಹೊರೆಗೆ ಒರಗಿ, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದಳು. ನನ್ನನ್ನು ಕಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

"ಏನವ್ವ ಅದು?"

"ಕೆಲ್ಸದ್ದು ಕಣಪ್ಪ. ಬಯ್ಯಬ್ಯಾಡ."

ಬಿಡದಿ ಕಡೆ ಹೊಲಗಳಿದ್ದ ಜಾಗದಲ್ಲಿ ಆಗ ಸಾಲಾಗಿ ಕಾರ್ಖಾನೆಗಳು ಏಳುತ್ತಿದ್ದವು. ಅವುಗಳಲ್ಲಿ ಒಂದು ವಿದ್ಯುತ್ ಒಲೆಗಳನ್ನು ಮಾಡಿ ಫ್ರಾನ್ಸ್ ದೇಶಕ್ಕೆ ಕಳಿಸುತ್ತಿತ್ತು. ಕಾಲೇಜು ಓದುವಾಗ ಸಂಜೆ ಹೊತ್ತು ಫ್ರೆಂಚ್ ಕಲಿತಿದ್ದ ಭಾನುವನ್ನು ಅಲ್ಲಿ ಭಾಷಾಂತರಕ್ಕೆ ತೆಗೆದುಕೊಂಡಿದ್ದರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಒಲೆಯ ಜೊತೆ ಕೊಡುವ ಪುಸ್ತಿಕೆಯ ಕೊನೆಯಲ್ಲಿ ಇಂಗ್ಲಿಷಿನ ಅಡುಗೆ ಮಾತುಗಳು, ಅವಕ್ಕೆ ಬೀದಿಯ ಜನ ಕೊಟ್ಟ ಬೇರೆ ಅರ್ಥಗಳು, ಓದುವವರ ತಮಾಷೆಗೆಂದು ಇದ್ದವಂತೆ. ಅದನ್ನೆಲ್ಲ ಫ್ರೆಂಚಿಗೆ ತರುವುದು ಅವಳ ಪಾಲಿನ ಕೆಲಸ. ಆ ಸೋಮವಾರವೇ ಮಧ್ಯಾಹ್ನ ಮೂರಕ್ಕೆ ಪುಸ್ತಿಕೆ ಅಚ್ಚಿಗೆ ಹೋಗಬೇಕು. ಅಷ್ಟರಲ್ಲಿ ಚನ್ನಪಟ್ಟಣದಿಂದ ಫ್ಯಾಕ್ಸ್ ಕಳಿಸದಿದ್ದರೆ ಬೆಂಗಳೂರಿನ ಬೇರೆಯವರ ಕೈಲಿ ಮಾಡಿಸುತ್ತಾರೆ. ಅಲ್ಲಿಗೆ ಇವಳ ಕೆಲಸವೂ ಮುಗಿಯಿತು.

"ಸಾವಿನ ಮನೆ ಅಂತ ಹೇಳ್ಲಿಲ್ವ?"

"ಹೇಳ್ದೆ. ಪಾಪ ಅಂದ್ರು. ಅಚ್ಚಿನ ಮಿಷಿನ್ನು ನಿಲ್ಲಕಿಲ್ಲ ಅಂದ್ರು."

ಅಷ್ಟು ಹೊತ್ತಿಗೆ ನಮ್ಮ ಅಕ್ಕ ಕೆಂಚಮ್ಮ ಬಂದಳು. "ಲೇ ಹನುಮಂತ, ನಿನ್ ಮಗಳಿಗೆ ಒಸಿ ಬುದ್ಧಿ ಹೇಳು. ಅವ್ವನ ಗುಡ್ಡೆ ಮಣ್ಣು ಆರಿಲ್ಲ, ಬರೀತಾ ಕೂತವ್ಳೆ. ಅದೂ ಏನು? ಹುರಿಯದು, ಬೇಯ್ಸದು! ಒಲೆ ಹಚ್ದೆ ಇರೋ ಮನೇಲಿ!"

ಭಾನು ತಲೆ ತಗ್ಗಿಸಿದಳು. ಹಾಲೆರೆಯುವ ಮುಂಚೆ ಅವಳನ್ನು ಕಳಿಸಿದರೆ ಸತ್ತವಳಿಗೆ ಅಪಚಾರ. ತಡೆದರೆ ಇದ್ದವಳ ಬದುಕಿಗೆ ಕುತ್ತು. ಹೆಂಡತಿ ಇದ್ದಿದ್ದರೆ ಒಂದೇ ಮಾತಿನಲ್ಲಿ ತೀರ್ಮಾನ ಮಾಡುತ್ತಿದ್ದಳು. ಭಾನು ಕಾರ್ಖಾನೆಯಿಂದ ಮನೆಗೆ ಬಂದೊಡನೆ "ಇವತ್ತೇನೇನ್ ಬೇಯ್ಸಿದ್ಯವ್ವ?" ಎಂದು ಕೇಳುವುದು ಅವಳಿಗೆ ರೂಢಿಯಾಗಿತ್ತು. ಆ ಪರದೇಶದ ಮಾತುಗಳನ್ನು ಕೇಳಿ, ಬಾಯಿಗೆ ಸೆರಗಿಟ್ಟುಕೊಂಡು ನಗುತ್ತಿದ್ದಳು.

"ಬರೆಯದು ಬರಿ. ಹಾಲೆರೆಯಗಂಟ ಗಡಿ ಮಾತ್ರ ದಾಟಬ್ಯಾಡ. ನಿಮ್ಮ ಮಾವ ಬರಲಿ," ಎಂದೆ.

ನಾನೂ ಅಲ್ಲೇ ಹುಲ್ಲಿನ ಮೇಲೆ ಕುಳಿತೆ. ಇನ್ನೆಷ್ಟು ಉಳಿದಿದೆ ಎಂದು ಕೇಳಿದೆ.

"ಕೊನೇ ಹಾಳೆ. ಸಿಮ್ಮರ್ ಅನ್ನೋ ಕಡೆ ನಿಂತೋಗಿವ್ನಿ. ಸಣ್ಣ ಉರೀಲಿ ಕುದಿಯೋದು. ಅದಕ್ಕೆ ಫ್ರೆಂಚಲ್ಲಿ ಮಿಜೋತೇ ಅಂತಾರೆ, ಸರಿ. ಆದ್ರೆ ಮನುಷ್ಯ ಹೊರಗೆ ತೋರಿಸ್ದೆ ಒಳಗೇ ಕುದೀತಾನಲ್ಲ, ಇಂಗ್ಲಿಷಲ್ಲಿ ಅದೂ ಸಿಮ್ಮರ್ರೇ. ಫ್ರೆಂಚಲ್ಲಿ ಅಲ್ಲಿ ಮಿಜೋತೇ ಹಾಕಿದ್ರೆ ಗುಟ್ಟಾಗಿ ಮಸಲತ್ತು ಮಾಡ್ತಾವ್ನೆ ಅಂತ ಆಗ್ಬುಡ್ತದೆ. ಬ್ಯಾರೆ ಮಾತು ಹುಡುಕ್ಬೇಕು."

ಅವಳು ಬರೆದು ಹೊಡೆದು ಹಾಕಿದಳು, ಮತ್ತೆ ಬರೆದಳು. ಆ ಭಾಷೆ ನನಗೇನು ತಿಳಿಯುತ್ತದೆ? ಸುಮ್ಮನೆ ನೋಡುತ್ತಿದ್ದೆ. ಒಮ್ಮೆ ಅವಳ ಕಣ್ಣೀರು ಹಾಳೆಯ ಅಂಚಿಗೆ ಬಿತ್ತು. ಸೆರಗಿನ ತುದಿಯಿಂದ ಒತ್ತಿ ಒರೆಸಿ ಮುಂದಿನ ಸಾಲಿಗೆ ಹೋದಳು. ಸ್ವಾಮಿ, ಕೆಂಪರಾಜುವನ್ನು ಬೇಗ ಕರೆದುಕೊಂಡು ಬಾ ಎಂದು ಬೇಡಿಕೊಂಡೆ. ಸೂತಕದ ಬಾಯಿಯ ಪ್ರಾರ್ಥನೆ ಸಲ್ಲುತ್ತದೋ ಇಲ್ಲವೋ ಎಂಬ ಅಳುಕೂ ಇತ್ತು.

ಕೊಟ್ಟಿಗೆಯ ನೆರಳು ಗೋಡೆಗೆ ಅಂಟಿಕೊಳ್ಳುವ ನಡುಹೊತ್ತಿಗೆ ಆಟೋ ಸದ್ದಾಯಿತು. ಕೆಂಪರಾಜು ಹಾಲಿನ ಚೊಂಬು ಹಿಡಿದು ಇಳಿದ.

"ಬಸ್ಸು ಬರ್ಲಿಲ್ಲ ಭಾವ. ರೇಷ್ಮೆಗೂಡಿನ ಟೆಂಪೋ ಹತ್ತಿ ರಾಮನಗರಕ್ಕೆ ಬಂದೆ. ಅಲ್ಲಿಂದ ಚನ್ನಪಟ್ಟಣ. ಅಲ್ಲಿ ಈ ಆಟೋ ವಜೀರಾ ಸಿಕ್ದ."

ಅವನ ಕಣ್ಣು ಭಾನುವಿನ ಕೈಯಲ್ಲಿದ್ದ ಕಾಗದದ ಮೇಲೆ ಬಿತ್ತು. ಕೆಂಪರಾಜು ಎಂದರೆ ಅವಳಿಗೆ ಮೊದಲಿನಿಂದಲೂ ಹೆದರಿಕೆ. ಹೆಣ್ಣುಮಕ್ಕಳಿಗೆ ಕಾರ್ಖಾನೆ ಯಾಕೆ ಎಂದವನು ಅವನು.

"ಏನದು? ಯಾರದು? ಯಾವತ್ತು ಕೊಡ್ಬೇಕು? ಕೊಡ್ದೆ ಇದ್ರೆ ಏನಾಯ್ತದೆ?" ಎಂದು ಒಂದರ ಮೇಲೊಂದು ಕೇಳಿದ. ಅವಳು ಎಲ್ಲಕ್ಕೂ ಉತ್ತರ ಹೇಳಿದಳು. ಕೆಂಚಮ್ಮ ನಡುವೆ ಬಾಯಿ ಹಾಕಿ ಅಡುಗೆ ಮಾತಿನ ದೂರು ಹೇಳಿದಳು.

"ಯಾವ್ದು, ಒಂದು ಹೇಳು ನೋಡನ," ಎಂದ ಕೆಂಪರಾಜು.

ಭಾನು ಹೆದರುತ್ತಲೇ ಅಂದಳು: "ಗ್ರಿಲ್ ಅಂತ ಐತೆ ಮಾವ. ಕೆಂಡದ ಮೇಲೆ ಸುಡೋದು. ಬೀದಿ ಮಾತಲ್ಲಿ, ಒಬ್ಬನ್ನ ನಿಲ್ಲಿಸ್ಕೊಂಡು ಬಿಡದಂಗೆ ಪ್ರಶ್ನೆ ಕೇಳೋದು. ಫ್ರೆಂಚರು ಅದಕ್ಕೆ ಮನುಷ್ಯನ್ನ ಅಡುಗೆ ಮಾಡೋದು ಅಂತಾರೆ."

ಕೆಂಪರಾಜು ಅವಳ ಮುಖವನ್ನೇ ನೋಡಿದ. "ಹಂಗಾದ್ರೆ ಇಷ್ಟೊತ್ತೂ ನಾನು ನಿನ್ನ ಅಡುಗೆ ಮಾಡ್ತಿದ್ನ?"

"ಹೂಂ ಮಾವ. ಬೆಂದೋದೆ."

ಮೊದಲು ನಕ್ಕವಳು ಕೆಂಚಮ್ಮ. ಬಾಯಿಗೆ ಸೆರಗಿಟ್ಟುಕೊಂಡು ನಕ್ಕಳು. ಆಮೇಲೆ ಕೆಂಪರಾಜು ನಕ್ಕ, ನಗುತ್ತಾ ನಗುತ್ತಾ ಅತ್ತ. "ನಮ್ಮಕ್ಕ ಇದ್ನೇ ಫೋನ್ನಾಗೆ ಹೇಳೋಳು. ನಮ್ಮ ಭಾನು ದೇಶದೇಶದ ಒಲೆ ಮಾತಾಡ್ತಾಳೆ ಅನ್ನೋಳು," ಎಂದ. ಕೂಡಲೇ ಹೊರಗೆ ತಿರುಗಿ ಕೂಗಿದ: "ವಜೀರಾ, ಓಗ್ಬ್ಯಾಡ ಕಣ್ಲಾ! ಈ ಕೂಸು ಚನ್ನಪಟ್ಟಣಕ್ಕೆ ಓಗ್ಬೇಕು. ಒಸಿ ನಿಂತ್ಕೊ!"

"ಸತ್ತೋರ ಮನೆ ಕೆಲ್ಸ, ಮುಗ್ಸಿ ಬನ್ನಿ ಅಣ್ಣ. ನಾನೆಲ್ಲೂ ಓಗಕಿಲ್ಲ," ಎಂದ ವಜೀರಾ.

ಹೊಲಕ್ಕೆ ಹೋದೆವು. ಮೊದಲು ಕೆಂಪರಾಜು ತನ್ನ ಅಕ್ಕನಿಗೆ ಹಾಲೆರೆದ, ತುಪ್ಪ ಬಿಟ್ಟ. ಆಮೇಲೆ ಭಾನು, ಆಮೇಲೆ ನಾನು. ಹಸಿ ಮಣ್ಣು ಹಾಲನ್ನು ಕುಡಿದುಕೊಂಡಿತು. ಮನೆಗೆ ಬಂದೊಡನೆ ಭಾನು ಕಾಲು ತೊಳೆದು, ತಾಯಿ ಸಾರಿಸಿಟ್ಟಿದ್ದ ಒಲೆಗೆ ತೆಂಗಿನ ಗರಿ ಇಟ್ಟು ಕಡ್ಡಿ ಗೀರಿದಳು. ಹೊಗೆ ಎದ್ದಿತು, ಉರಿ ಹತ್ತಿತು. ಕೆಂಚಮ್ಮ ಅವಳನ್ನು ಬದಿಗೆ ಸರಿಸಿ ಎಸರಿಟ್ಟಳು. "ಮಿಕ್ಕಿದ್ದು ನಾ ನೋಡ್ಕತೀನಿ. ನಿನ್ ಮಿಷಿನ್ನು ನಿಲ್ಲಕಿಲ್ವಂತಲ್ಲ, ಓಗು."

ಆಟೋ ಧೂಳೆಬ್ಬಿಸಿಕೊಂಡು ಹೋಯಿತು. ಅಡುಗೆಯಾಯಿತು, ಎಡೆ ಇಟ್ಟದ್ದಾಯಿತು, ಬಂದವರೆಲ್ಲ ಉಂಡರು. ನಾನು ಉಣ್ಣಲಿಲ್ಲ. ಜಗಲಿಯ ಮೇಲೆ ಕುಳಿತು ದಾರಿ ನೋಡುತ್ತಿದ್ದೆ.

ಹೊತ್ತು ವಾಲಿದ ಮೇಲೆ ಭಾನು ಬಂದಳು. ಆಟೋ ನಿಲ್ಲುವ ಮುಂಚೆಯೇ ಅವಳ ಮುಖ ನೋಡಿ ನನ್ನ ಎದೆಯ ಭಾರ ಇಳಿಯಿತು.

"ತಲುಪ್ತು ಕಣಪ್ಪ. ಫ್ಯಾಕ್ಸ್ ಕಳಿಸಿದ ಬೂತಿಗೇ ಫೋನ್ ಮಾಡಿ ಹೇಳಿದ್ರು. ಎಲ್ಲಾ ಸರಿಯಾಗೈತಂತೆ. ತಿಥಿ ಮುಗಿಸ್ಕೊಂಡೇ ಬಾ ಅಂದ್ರು. ಬಂದ್ಮೇಲೆ ಖಾಯಂ ಮಾಡ್ತಾರಂತೆ."

ನಾನು ಮುಚ್ಚಿದ ದೇವರಕೋಣೆಯ ಕಡೆಗೆ ಕೈ ಮುಗಿದೆ. ಅವಳು ನನ್ನ ಪಕ್ಕದಲ್ಲಿ ಕುಳಿತಳು. ಅವಳ ತಾಯಿ ಬಾಗಿಲಿಗೆ ಬಂದು ಕೇಳುತ್ತಿದ್ದ ಹೊತ್ತು ಅದು.

"ಇವತ್ತೇನೇನ್ ಬೇಯ್ಸಿದ್ಯವ್ವ?" ಎಂದು ನಾನೇ ಕೇಳಿದೆ.

ಭಾನು ಕಣ್ಣೊರೆಸಿಕೊಂಡು, "ಸಿಮ್ಮರ್‌ಗೆ ಕೊನೆಗೆ ಏನು ಹಾಕ್ದೆ ಗೊತ್ತಾ..." ಎಂದು ಶುರು ಮಾಡಿದಳು.

"ಅದನ್ನ ಆಮೇಲೆ ಹೇಳಾಕಿಲ್ವ?" ಎಂದು ಕೆಂಚಮ್ಮ ಒಳಗಿನಿಂದ ಕೂಗಿದಳು. "ಇನ್ನೆಷ್ಟು ದಪ ಸಾರು ಕಾಯಿಸ್ಲಿ ನಾನು? ಬನ್ನಿ, ಮುದ್ದೆ ಬಿಸಿ ಐತೆ."

ಅವತ್ತು ನಾನು ಪೂರಾ ಮುದ್ದೆ ಉಂಡೆ.