ಎಡ ಭುಜದ ಸುಣ್ಣ

ಅವರ ಕಂದು ಕೋಟಿನ ಎಡ ಭುಜದ ಮೇಲೆ ಯಾವಾಗಲೂ ಸುಣ್ಣ ಮೆತ್ತಿರುತ್ತಿತ್ತು. ಒಗೆದು ಇಸ್ತ್ರಿ ಮಾಡಿದ ಕೋಟು, ಗುಂಡಿಗಳೆಲ್ಲ ನೆಟ್ಟಗೆ ಕೂತ ಕೋಟು. ಬಲಗಡೆಯಿಂದ ನೋಡಿದರೆ ಯಾವುದೋ ಸಮಾರಂಭಕ್ಕೆ ಹೊರಟವರಂತೆ, ಎಡಗಡೆಯಿಂದ ನೋಡಿದರೆ ಗೋಡೆಗೆ ಸುಣ್ಣ ಬಳಿಯುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದವರಂತೆ ಕಾಣುತ್ತಿದ್ದರು. ಮೂವತ್ತೈದು ವರ್ಷ ಮಕ್ಕಳ ಅಂಗಿಯ ಮೇಲಿನ ಮಣ್ಣು, ಸೀಮೆಸುಣ್ಣಗಳನ್ನು ಕೊಡವಿ ರೂಢಿಯಾದ ನನ್ನ ಕೈ, ಪರಿಚಯವಾಗಿ ಹತ್ತು ನಿಮಿಷ ಕಳೆಯುವ ಮೊದಲೇ ಆ ಭುಜದತ್ತ ಹೋಯಿತು. ಅವರು ಬೆಚ್ಚಿಬಿದ್ದರು. ಆಮೇಲೆ ನಕ್ಕು, "ಗೋಡೆಗೂ ನನಗೂ ಹಳೇ ಸ್ನೇಹ ಮೇಷ್ಟ್ರೇ, ಎದುರಿಗೆ ಸಿಕ್ಕಾಗ ಮಾತಾಡಿಸದೆ ಬಿಡಲ್ಲ" ಎಂದರು.

ನಾನು ನಿವೃತ್ತನಾದ ಮರುವರ್ಷದ ಮಾತಿದು. ನಮ್ಮ ಪಕ್ಕದ ಬೀದಿಯಲ್ಲಿ, ಅಚ್ಚುಕೂಟವೊಂದರ ಮೇಲಿನ ಮಹಡಿಯಲ್ಲಿ, ವಿಡಿಯೋ ಗೇಮ್ ತಯಾರಿಸುವ ಚಿಕ್ಕ ಕಂಪನಿಯಿತ್ತು. ತೆರೆಯ ಮೇಲೆ ಮೂಡುವ ವಾಕ್ಯಗಳನ್ನೂ ಆಟದ ಪೆಟ್ಟಿಗೆಯೊಳಗೆ ಇಡುವ ಕೈಪಿಡಿಯನ್ನೂ ತಿದ್ದುವುದಕ್ಕೆ ಅವರಿಗೊಬ್ಬರು ಬೇಕಾಗಿದ್ದರು. ಮನೆಯಲ್ಲಿ ಕೂತು ಪತ್ರಿಕೆಯ ತಪ್ಪುಗಳಿಗೆ ಗುರುತು ಹಾಕುತ್ತಿದ್ದ ನನ್ನನ್ನು ನನ್ನ ಹೆಂಡತಿಯೇ ಅಲ್ಲಿಗೆ ಅಟ್ಟಿದಳು. ಆಟಗಳೆಂದರೆ ಓದುವ ಮಕ್ಕಳ ವೈರಿಗಳೆಂದು ತರಗತಿಯಲ್ಲಿ ವರ್ಷಗಟ್ಟಲೆ ಉಪದೇಶ ಮಾಡಿದವನು ನಾನು. ಆ ಮಹಡಿಯ ಮೆಟ್ಟಿಲನ್ನು ಮೊದಲ ಸಲ ಹತ್ತುವಾಗ ಬೀದಿಯ ಆಚೆ ಈಚೆ ಒಮ್ಮೆ ನೋಡಿಕೊಂಡೆ.

ಆ ಕಂಪನಿಯ ಹೆಸರು ಉಳಿದಿದ್ದುದು ಒಂದೇ ಆಟದ ಮೇಲೆ: ಅಂಚೆ ಮಾಮ. ಕೆಂಪು ಟೋಪಿಯ, ಗುಂಡು ಹೊಟ್ಟೆಯ ಪೋಸ್ಟ್‌ಮ್ಯಾನ್ ಒಬ್ಬ ಹೆಗಲಿಗೆ ಚೀಲ ಹಾಕಿಕೊಂಡು, ಮನೆಗಳ ಹೆಂಚಿನ ಮಾಡಿನಿಂದ ಮಾಡಿಗೆ ಜಿಗಿಯುತ್ತ, ಎಡದಿಂದ ಬಲಕ್ಕೆ ಓಡಿ ಓಡಿ ಕಾಗದ ಹಂಚುವ ಆಟ. ನಾನು ಸೇರುವ ಹೊತ್ತಿಗೆ ಅದರ ಮೂರು ಭಾಗಗಳು ಬಂದಿದ್ದವು. ಪ್ರತಿಯೊಂದು ಮಾಡು, ಪ್ರತಿಯೊಂದು ಚಿಮಣಿ, ಬಟ್ಟೆ ಒಣಹಾಕಿದ ಪ್ರತಿಯೊಂದು ಹಗ್ಗ ಎಲ್ಲಿರಬೇಕೆಂದು ನಿರ್ಧರಿಸಿ ಬರೆದವರು ಈ ಕಂದು ಕೋಟಿನವರೇ. ಗ್ರಾಫ್ ಹಾಳೆಯ ಮೇಲೆ ಸೀಸದಕಡ್ಡಿಯಲ್ಲಿ ಬರೆಯುತ್ತಿದ್ದರು; ಆದ್ದರಿಂದ ಆಫೀಸಿನಲ್ಲಿ ಎಲ್ಲರಿಗೂ ಅವರು ಚೌಕದಣ್ಣ. "ಮಾಮನ ಜಿಗಿತ ಮೇಲಕ್ಕೆ ಮೂರು ಚೌಕ, ಮುಂದಕ್ಕೆ ಐದು. ಅಷ್ಟರೊಳಗೆ ಲೋಕ ಕಟ್ಟಬೇಕು ಮೇಷ್ಟ್ರೇ" ಎನ್ನುತ್ತಿದ್ದರು. ಒಂದು ಜಿಗಿತ ಸರಿಯಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಕುರ್ಚಿಯಿಂದ ತುಸು ಮೇಲೆದ್ದು, ಹೆಬ್ಬೆರಳನ್ನು ಹಾಳೆಯ ಮೇಲೆ ಕುಪ್ಪಳಿಸಿ, ಬಾಯಲ್ಲಿ "ಟುಪ್" ಎಂದು ಸದ್ದು ಮಾಡುತ್ತಿದ್ದರು. ಸದ್ದು ಇಷ್ಟವಾಗದಿದ್ದರೆ ಅಳಿಸಿ, ಮಾಡನ್ನು ಅರ್ಧ ಚೌಕ ಹಿಂದಕ್ಕೆ ಸರಿಸುತ್ತಿದ್ದರು.

ಅವರ ನಡಿಗೆಯೂ ವಿಚಿತ್ರವಾಗಿತ್ತು. ಮೆಟ್ಟಿಲಿಳಿಯುವಾಗ ಬೂಟಿನ ತುದಿಯಿಂದ ಕೆಳಗಿನ ಮೆಟ್ಟಿಲನ್ನು ಒಮ್ಮೆ ತಟ್ಟಿ, ಅದು ಅಲ್ಲೇ ಇದೆಯೆಂದು ಖಾತ್ರಿ ಮಾಡಿಕೊಂಡವರಂತೆ ಕಾಲಿಡುತ್ತಿದ್ದರು. ಏನನ್ನಾದರೂ ಎತ್ತಿಕೊಳ್ಳುವ ಮೊದಲು ಹಕ್ಕಿಯಂತೆ ತಲೆಯನ್ನು ಅತ್ತ ಇತ್ತ ಆಡಿಸುತ್ತಿದ್ದರು. ಜೊತೆಯಲ್ಲಿ ನಡೆಯುವವರನ್ನು ಬಲಗಡೆಗೇ ಕರೆದುಕೊಳ್ಳುತ್ತಿದ್ದರು. ಇವೆಲ್ಲ ಕಲೆಗಾರರ ಹುಚ್ಚು ಎಂದುಕೊಂಡು ನಾನು ಒಳಗೊಳಗೇ ನಗುತ್ತಿದ್ದೆ.

ಪ್ರತಿದಿನ ಮಧ್ಯಾಹ್ನ ನಾವಿಬ್ಬರೂ ಬೀದಿಯ ಕೊನೆಯ ಚಹಾದಂಗಡಿಗೆ ಹೋಗುತ್ತಿದ್ದೆವು. ಒಂದು ದಿನ ಅವರು ಜಗ್ಗಿನಿಂದ ಲೋಟಕ್ಕೆ ನೀರು ಹಾಕುವಾಗ, ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಕೊಂಡು ಹಾಕುವುದನ್ನು ಕಂಡು, "ಅದೇನ್ರೀ, ಲೋಟಕ್ಕೆ ಮುತ್ತು ಕೊಡಿಸ್ತೀರಾ?" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಎಡಗಣ್ಣು ಗಾಜಿಂದು ಮೇಷ್ಟ್ರೇ. ಆರು ವರ್ಷದವನಿದ್ದಾಗ ಕತ್ತರಿ ಹಿಡ್ಕೊಂಡು ಓಡಿದ್ದೆ."

ಒಂದೇ ಕಣ್ಣಿನಲ್ಲಿ ವಸ್ತುಗಳು ಕಾಣುತ್ತವೆ, ಆದರೆ ಹತ್ತಿರವೋ ದೂರವೋ ಎಂಬುದು ಎರಡು ಕಣ್ಣಿದ್ದವರಿಗೆ ತಿಳಿಯುವಂತೆ ತಾನಾಗಿ ತಿಳಿಯುವುದಿಲ್ಲ, ಅದನ್ನು ಕಲಿಯಬೇಕಾಗುತ್ತದೆ ಎಂದು ಅವರೇ ನಿಧಾನವಾಗಿ ವಿವರಿಸಿದರು. "ಮನೆಯವಳಿಗೆ ಗೊತ್ತು. ಈಗ ನಿಮಗೆ. ಆಫೀಸಲ್ಲಿ ಯಾರಿಗೂ ಬೇಡ ಮೇಷ್ಟ್ರೇ. ಮಾಡೋದು ಕಣ್ಣಿನ ಕೆಲಸ. ಗೊತ್ತಾದ್ರೆ ಬಯ್ಯಲ್ಲ, ಪಾಪ ಅಂತಾರೆ. ಆಮೇಲೆ ಕೆಲಸ ಕೊಡಲ್ಲ."

ವಾಪಸು ಬರುವಾಗ ನಾನು ಅವರ ಎಡಗಡೆಗೆ ಬಂದೆ. ಅವರಿಗೆ ಕಾಣದ ಆ ಬದಿಯಲ್ಲಿ ಸೈಕಲ್ಲು, ಕಂಬ, ಗೋಡೆಗಳಿಗೂ ಅವರಿಗೂ ನಡುವೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ, "ಆ ಕಡೆ ಯಾರನ್ನೂ ಬಿಟ್ಕೊಂಡಿರಲಿಲ್ಲ" ಎಂದರು. ಅಲ್ಲಿಂದ ಮೂರು ವರ್ಷ, ನಾಲ್ಕನೆಯ ಆಟ ಬಂದು ಹೋಗುವವರೆಗೂ, ಆ ಕೋಟಿನ ಎಡ ಭುಜ ಬಲ ಭುಜದಷ್ಟೇ ಚೊಕ್ಕಟವಾಗಿತ್ತು.

ಆಮೇಲೆ ಲೋಕ ಮೂರು ಆಯಾಮಗಳಿಗೆ ತಿರುಗಿತು. ಆಟದೊಳಗೆ ಬರಿಯ ಎಡ ಬಲಗಳಿದ್ದರೆ ಸಾಲದು, ಮುಂದಕ್ಕೂ ಹಿಂದಕ್ಕೂ ಓಡಬೇಕು, ಮನೆಗಳ ಸುತ್ತ ಸುತ್ತಿ ಬರಬೇಕು ಎಂದು ಎಲ್ಲ ಕಂಪನಿಗಳೂ ಹೊರಟಾಗ, ನಮ್ಮ ಮಾಮನಿಗೂ ಅದೇ ದಾರಿಯಾಯಿತು. ಗಣಿತ ಓದಿದ ಒಬ್ಬಾಕೆಯನ್ನು ಹೊಸದಾಗಿ ಸೇರಿಸಿಕೊಂಡರು. ಚೌಕದಣ್ಣ ಆ ತಿಂಗಳಿಡೀ ಗ್ರಾಫ್ ಹಾಳೆಗಳನ್ನು ಮಡಿಸಿ, ಅಂಟಿಸಿ, ಮೇಜಿನ ತುಂಬ ಕಾಗದದ ಬೀದಿಯೊಂದನ್ನು ಕಟ್ಟಿದರು. ಹೆಬ್ಬೆರಳು ಈಗ ಮಾಡಿನಿಂದ ಮಾಡಿಗೆ ಗಾಳಿಯಲ್ಲಿ ಹಾರುತ್ತಿತ್ತು. "ಹೊಸ ಮನೆಗೆ ಹೋಗೋವಾಗ ಮಾಮನ್ನ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ಬೇಕು ಮೇಷ್ಟ್ರೇ" ಎಂದರು. ಅಷ್ಟು ಆಸೆಯಿಂದ ಅವರು ಏನನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ಆ ವಾರವೇ ಕಂಪನಿಯ ಯಜಮಾನಿ ನನ್ನನ್ನು ಒಳಗೆ ಕರೆಸಿ ಕುರ್ಚಿ ತೋರಿಸಿದರು. "ನೀವು ಸಾವಿರಾರು ಮಕ್ಕಳನ್ನ ನೋಡಿದೋರು ಮೇಷ್ಟ್ರೇ, ಮನುಷ್ಯರನ್ನ ಅಳೆಯೋದು ಗೊತ್ತು. ಐದನೇ ಆಟಾನೂ ಚೌಕದಣ್ಣನ ಕೈಗೇ ಕೊಡ್ಲಾ?"

ಆ ಹೊಗಳಿಕೆಗೆ ನಾನು ಉಬ್ಬಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತೂಗಿ ನೋಡುವ ಹಿರಿಯನ ಗತ್ತಿನಲ್ಲಿ ಕನ್ನಡಕ ತೆಗೆದು ಒರೆಸಿಕೊಂಡೆ. "ಕೊಡಬಹುದು. ಆದರೆ ಪಾಪ, ಅವರಿಗೆ ಒಂದೇ ಕಣ್ಣಮ್ಮ. ದೂರ ಹತ್ತಿರ ತಿಳಿಯೋದಿಲ್ಲ. ಇಷ್ಟು ದೊಡ್ಡ ಹೊರೆ ಹೊರಿಸಿ ಅವರನ್ನ ಬೀಳಿಸಬೇಡಿ" ಎಂದೆ. ಗುಟ್ಟನ್ನು ಬಿಟ್ಟುಕೊಟ್ಟೆನೆಂದು ಆ ಕ್ಷಣ ನನಗೆ ಅನ್ನಿಸಲೂ ಇಲ್ಲ. ಒಬ್ಬರನ್ನು ಕಾಪಾಡಿದೆನೆಂಬ ತೃಪ್ತಿಯಲ್ಲಿ ಮೆಟ್ಟಿಲಿಳಿದೆ.

ಮರುದಿನ ಕಾಗದದ ಬೀದಿ ಗಣಿತದಾಕೆಯ ಮೇಜಿಗೆ ಹೋಯಿತು. ಚೌಕದಣ್ಣನಿಗೆ ಪೆಟ್ಟಿಗೆಯ ಮೇಲಿನ ಚಿತ್ರ ಬರೆಯುವ ಕೆಲಸ ಕೊಟ್ಟರು. ಕಣ್ಣಿಗೆ ಆಯಾಸವಾಗಬಾರದಲ್ಲ ಎಂದು ಯಜಮಾನಿ ಬಹಳ ಅಕ್ಕರೆಯಿಂದ ಹೇಳಿದರಂತೆ. ಅವರು ಕುಂಚಗಳನ್ನು ತೊಳೆದುಕೊಂಡು ಮೂಲೆಯಲ್ಲಿ ಕೂತರು. ಆ ಮಧ್ಯಾಹ್ನ ಚಹಾಕ್ಕೆ ಹೊರಟಾಗ ನಾನು ಎಂದಿನಂತೆ ಎಡಗಡೆಗೆ ಹೋದೆ. ಅವರು ನಿಂತು, ನನ್ನ ಮೊಣಕೈ ಹಿಡಿದು, "ಈ ಕಡೆ ಬನ್ನಿ ಮೇಷ್ಟ್ರೇ" ಎಂದು ಬಲಗಡೆಗೆ ತಂದುಕೊಂಡರು. ಎಡಗಡೆ ಬಿಸಿಲಿತ್ತು. ನನಗೆ ಬಿಸಿಲು ತಾಗದಿರಲೆಂದು ಹಾಗೆ ಮಾಡಿದರೆಂದು ತಿಳಿದೆ.

ಎರಡು ತಿಂಗಳು ಕಳೆಯುವುದರೊಳಗೆ ಹೊಸ ಆಟ ಒಂದು ಆಕಾರಕ್ಕೆ ಬಂತು. ಬೀದಿ ಸೊಗಸಾಗಿತ್ತು, ಆಕಾಶ ಸೊಗಸಾಗಿತ್ತು, ಮಾಮನ ಹೊಟ್ಟೆ ನಿಜಕ್ಕೂ ಗುಂಡಗಾಗಿತ್ತು. ಆದರೆ ಮಾಮ ಬೀಳುತ್ತಿದ್ದ. ಯಾರು ಆಡಿಸಿದರೂ ಬೀಳುತ್ತಿದ್ದ. ಎದುರಿನ ಮಾಡು ಸಮೀಪದಲ್ಲಿದೆಯೆಂದು ಜಿಗಿದರೆ ನಡುವಿನ ಓಣಿಗೆ, ದೂರವಿದೆಯೆಂದು ಜಿಗಿದರೆ ಮಾಡನ್ನೂ ದಾಟಿ ಆಚೆಗೆ. ಯಜಮಾನಿ ಬಿದ್ದರು, ಗಣಿತದಾಕೆ ಬಿದ್ದಳು, ನಾನಂತೂ ಮೊದಲ ಮಾಡಿನಿಂದಲೇ ಬಿದ್ದೆ. "ಲೆಕ್ಕ ಎಲ್ಲಾ ಸರಿಯಾಗಿದೆ, ಮತ್ತೆ ಯಾಕೆ ಹೀಗಾಗ್ತಿದೆ?" ಎಂದು ಆಕೆ ಅಳುವ ಹಾಗಾದಳು.

ಆಗ ಚೌಕದಣ್ಣ ಕೈಯಲ್ಲಿ ಕುಂಚ ಹಿಡಿದೇ ಮೂಲೆಯಿಂದ ಎದ್ದು ಬಂದರು. ತಲೆಯನ್ನು ಅತ್ತ ಇತ್ತ ಆಡಿಸಿ ತೆರೆಯನ್ನು ನೋಡಿದರು.

"ತಂಗೀ, ಅವನಿಗೆ ನೆರಳಿಲ್ವಲ್ಲ."

"ಇದೆಯಲ್ಲಣ್ಣ, ನೋಡಿ, ಸೂರ್ಯ ಈ ಕಡೆ, ನೆರಳು ಓರೆಯಾಗಿ ಅಲ್ಲಿ ಗೋಡೆ ಮೇಲೆ."

"ಅದು ಬೇಡ. ಕಾಲಿನ ಕೆಳಗೆ, ನೆಟ್ಟಗೆ, ಒಂದು ಕಪ್ಪು ಬೊಟ್ಟು ಇಡು. ಮೇಲೆ ಹಾರಿದ್ರೂ ಅದು ಕೆಳಗೇ ಇರ್ಲಿ."

"ಸೂರ್ಯ ನೆತ್ತಿ ಮೇಲಿಲ್ಲ, ತಪ್ಪಾಗುತ್ತೆ!"

"ಸೂರ್ಯನಿಗೋಸ್ಕರ ಅಲ್ಲಮ್ಮ, ಕಾಲಿಗೋಸ್ಕರ."

ಆಕೆ ಮುಖ ಗಂಟಿಕ್ಕಿಕೊಂಡೇ ಬೊಟ್ಟನ್ನಿಟ್ಟಳು. ಮಾಮ ಜಿಗಿದ. ಗಾಳಿಯಲ್ಲಿದ್ದಾಗ ಅವನ ಕೆಳಗೆ ಆ ಕಪ್ಪು ಬೊಟ್ಟು ಓಣಿಯನ್ನು ದಾಟಿತು, ಮಾಡನ್ನು ಹತ್ತಿತು, ಹೆಂಚಿನ ನಡುವೆ ನಿಂತಿತು. ಮಾಮ ಬಂದು ಅದರ ಮೇಲೆ ಇಳಿದ. "ಟುಪ್" ಎಂದರು ಚೌಕದಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು. ಯಜಮಾನಿ, "ಇದೆಲ್ಲಿ ಕಲಿತ್ರಿ?" ಎಂದು ಕೇಳಿದರು.

"ಆರನೇ ವಯಸ್ಸಿಂದ ಲೋಟ ಎಲ್ಲಿದೆ ಅಂತ ನೆರಳು ನೋಡೇ ಕೈ ಹಾಕ್ತಿದ್ದೀನಿ. ಮೇಷ್ಟ್ರು ನಿಮಗೆ ಹೇಳಿದ್ದು ಸುಳ್ಳಲ್ಲ, ನನಗೆ ಒಂದೇ ಕಣ್ಣು. ಆದ್ರೆ ಈ ತೆರೆ ಚಪ್ಪಟೆ ನೋಡಿ. ಇದರ ಮುಂದೆ ಕೂತ ಮೇಲೆ ನಿಮಗೆಲ್ಲಾ ಒಂದೊಂದೇ ಕಣ್ಣು. ನನಗೆ ಮಾತ್ರ ಅಭ್ಯಾಸ ಇದೆ."

ನನ್ನತ್ತ ಅವರು ನೋಡಲಿಲ್ಲ. ಅಂದು ನನ್ನನ್ನು ಬಲಗಡೆಗೆ ತಂದುಕೊಂಡದ್ದು ಬಿಸಿಲಿಗಾಗಿ ಅಲ್ಲವೆಂದು ಆಗ ನನಗೆ ಅರ್ಥವಾಯಿತು.

ಮರುದಿನ ಚಹಾದಂಗಡಿಯಲ್ಲಿ ಧೈರ್ಯ ಮಾಡಿ, "ನಾನು ನಿಮ್ಮ ಒಳ್ಳೇದಕ್ಕೇ ಹೇಳಿದ್ದು" ಎಂದೆ. ಅವರು ಬೆರಳಿನಿಂದ ಲೋಟದ ಅಂಚನ್ನು ಸವರುತ್ತ ಕೂತಿದ್ದರು. "ಗೊತ್ತು ಮೇಷ್ಟ್ರೇ. ಅದಕ್ಕೇ ಜಗಳ ಆಡೋಕಾಗ್ತಿಲ್ಲ" ಎಂದರು.

ಅಲ್ಲಿಗೆ ಮುಗಿದಿದ್ದರೆ ನನ್ನ ನಾಚಿಕೆಗೆ ಒಂದು ಕೊನೆಯಿರುತ್ತಿತ್ತು. ಆ ದಿನದಿಂದ ಆಟ ಸಿದ್ಧವಾಗುವವರೆಗೂ ಗಣಿತದಾಕೆ ಪ್ರತಿಯೊಂದು ಮಾಡಿಗೂ "ಅಣ್ಣಾ, ಬನ್ನಿ ಇಲ್ಲಿ" ಎಂದು ಅವರನ್ನು ಕರೆಯುತ್ತಿದ್ದಳು. ಆ ಬೀದಿಯ ಒಂದು ಹೆಂಚೂ ಅವರ ಹೆಬ್ಬೆರಳು ತಾಗದೆ ಕೂರಲಿಲ್ಲ. "ಜಿಗಿಯುವಾಗ ಮಾಮನನ್ನು ನೋಡಬೇಡಿ, ಅವನ ನೆರಳನ್ನು ನೋಡಿ" ಎಂದು ಕೈಪಿಡಿಯಲ್ಲಿ ನಾನೇ ಬರೆದೆ. ಅದರ ಕೊನೆಯ ಪುಟದಲ್ಲಿ, ಆಟ ಕಟ್ಟಿದವರ ಪಟ್ಟಿಯಲ್ಲಿ, ಅವರ ಹೆಸರಿನ ಮುಂದೆ ಬರಿದೇ "ಪೆಟ್ಟಿಗೆಯ ಚಿತ್ರ" ಎಂದಿತ್ತು. ಪಟ್ಟಿಯನ್ನು ಯಾರೋ ಬಹಳ ಮೊದಲೇ ಬೆರಳಚ್ಚು ಮಾಡಿಟ್ಟಿದ್ದರು. ಕರಡು ತಿದ್ದಲು ಬಂದದ್ದು ನನ್ನ ಮೇಜಿಗೆ. ಮೂರು ಕಡೆ ಕಾಗುಣಿತ ತಿದ್ದಿದೆ, ಒಂದು ಅಲ್ಪವಿರಾಮ ಸೇರಿಸಿದೆ. ಆ ಸಾಲಿನ ಮೇಲೆ ಕೆಂಪು ಪೆನ್ನು ನಿಂತಿತು. ಅದನ್ನು ತಿದ್ದಬೇಕಾದರೆ ಯಜಮಾನಿಯ ಕೋಣೆಗೆ ಹೋಗಬೇಕು, ಅದೇ ಕುರ್ಚಿಯ ಮೇಲೆ ಕೂರಬೇಕು, ನಾನು ಅಳೆದ ಅಳತೆ ತಪ್ಪೆಂದು ಬಾಯಿಬಿಟ್ಟು ಹೇಳಬೇಕು. ಕೆಳಗೆ ಅಚ್ಚುಕೂಟದವರು ಕೂಗುತ್ತಿದ್ದರು. ನಾನು ಪುಟದ ಕೆಳಗೆ ಸರಿಯಿದೆಯೆಂದು ಸಹಿ ಹಾಕಿದೆ.

ಕೈಪಿಡಿ ಅಚ್ಚಾಗಿ ಬಂದಾಗ ಚೌಕದಣ್ಣ ಆ ಪುಟವನ್ನು ತೆರೆದು, ತಲೆಯಾಡಿಸಿ ಓದಿ, ಮಡಚಿಟ್ಟರು. "ಚಿತ್ರದ ಬಣ್ಣ ಚೆನ್ನಾಗಿ ಬಂದಿದೆ ಅಲ್ವಾ ಮೇಷ್ಟ್ರೇ?" ಎಂದರು. ಹೌದೆಂದೆ. ಸಂಜೆ ಜೊತೆಯಲ್ಲೇ ಹೊರಟೆವು. ನಾನು ಬಲಕ್ಕೆ, ಅವರು ಗೋಡೆಯ ಕಡೆಗೆ. ದೀಪದ ಕಂಬದ ಕೆಳಗೆ ನೋಡಿದೆ: ಕೋಟಿನ ಎಡ ಭುಜದ ಮೇಲೆ ಅಂಗೈಯಗಲ ಸುಣ್ಣ. ಅದನ್ನು ಕೊಡವಲು ಕೈ ಎತ್ತಿದೆ, ಅವರಿಗೆ ಕಾಣುವ ಬದಿಯಲ್ಲೇ ಎತ್ತಿದೆ, ಮತ್ತೆ ಇಳಿಸಿದೆ.

ಆ ಕೈಪಿಡಿಯ ನನ್ನ ಪ್ರತಿಯಲ್ಲಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ತಿದ್ದಿಟ್ಟುಕೊಂಡಿದ್ದೇನೆ. ಯಾರೂ ಓದದ ತಿದ್ದುಪಡಿ. ಚೌಕದಣ್ಣನಂಥವರು ಲೋಕದಲ್ಲಿ ಸದ್ದಿಲ್ಲದೆ ಇರುತ್ತಾರೆ. ತಮ್ಮ ಕೊರತೆಯಿಂದಲೇ ಒಂದು ವಿದ್ಯೆಯನ್ನು ಕಲಿತು, ಅದನ್ನು ಇತರರ ಕಾಲಿನ ಕೆಳಗೆ ಇಟ್ಟು, ಅವರು ಬೀಳದೆ ಇಳಿದರೆ ಅಷ್ಟಕ್ಕೇ ಸಂತೋಷಪಡುತ್ತಾರೆ. ಇಂಥವರಿಗೆ ದ್ರೋಹ ಮಾಡುವುದು ಬಲು ಸುಲಭ; ಅದಕ್ಕೆ ಕೆಟ್ಟವರೇ ಆಗಬೇಕೆಂದಿಲ್ಲ, ಕನಿಕರವಿದ್ದರೆ ಸಾಕು. ಅವರು ಕೂಗಾಡುವುದಿಲ್ಲ, ಸಂಬಂಧ ಕಡಿದುಕೊಳ್ಳುವುದಿಲ್ಲ, ಚಹಾಕ್ಕೆ ಕರೆಯುವುದನ್ನೂ ಬಿಡುವುದಿಲ್ಲ. ನಮ್ಮನ್ನು ಮೆಲ್ಲಗೆ ತಮಗೆ ಕಾಣುವ ಬದಿಗೆ ತಂದುಕೊಂಡು, ಕಾಣದ ಬದಿಯನ್ನು ಮತ್ತೆ ಗೋಡೆಗೆ ಒಪ್ಪಿಸುತ್ತಾರೆ.