ಸ್ಟೇನ್‌ಥೋರನ ಒಂದು ಕಡೆಯ ಹೊಟ್ಟೆ

ಬೆಳಿಗ್ಗೆ ಬಿಸಿನೀರಿನ ಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತು ಹರಟೆ ಹೊಡೆಯುವುದು ಐಸ್‌ಲ್ಯಾಂಡಿನ ಆ ಮೀನುಗಾರರ ಹಳ್ಳಿಯಲ್ಲಿ ಎಲ್ಲರಿಗೂ ರೂಢಿ. ಅವತ್ತು ನೀರಿಗಿಳಿಯುವಾಗಲೇ ಹರಟೆಗೆ ಸಿಕ್ಕಿದ್ದು ಮುದುಕ ಸ್ಟೇನ್‌ಥೋರನ ಒಂದೇ ಕಡೆ ಉಬ್ಬಿದ ಹೊಟ್ಟೆ.

“ಏನ್ ಮಾರಾಯ, ತಿಂದಿದ್ದೆಲ್ಲ ಬಲಗಡೆಗೇ ಇಳಿದಿದ್ಯಲ್ಲ!” ಎಂದ ಗೆಳೆಯ ಏವಿಂದುರ್.

ಸ್ಟೇನ್‌ಥೋರನೂ ನಕ್ಕ. ಆದರೆ ಒಳಗೊಳಗೇ ಹೆದರಿದ್ದ. ಪಕ್ಕೆಯ ಕೆಳಗೆ ಉಬ್ಬಿದ್ದು ಗಡ್ಡೆಯೇ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಅವನ ಅಣ್ಣ ತೀರಿಕೊಂಡದ್ದು ಅಂಥದ್ದರಿಂದಲೇ. ಹೆಂಡತಿ ರಗ್ನೈದುರ್‌ಗೂ ಅವನು ಹೇಳಿರಲಿಲ್ಲ.

ಕೊಳದಿಂದ ಹೊರಬಂದಾಗ ಪಕ್ಕದ ಮನೆಯ ಸೋಫಿಯಾ ಅವನನ್ನು ತಡೆದಳು. “ಆ ಕಡೆ ಗುಳ್ಳೆ ಎದ್ದಿತ್ತಾ?”

“ಹೋದ ತಿಂಗಳು. ಬೆಂಕಿ ಇಟ್ಟ ಹಾಗೆ ಉರೀತಿತ್ತು. ಮೀನೆಣ್ಣೆ ಹಚ್ಚಿದೆ, ಒಣಗಿ ಹೋಯ್ತು.”

“ಸರ್ಪಸುತ್ತು ಕಣೋ ಅದು! ನಂಗೂ ಹೆಗಲಿಗೆ ಆಗಿತ್ತು. ಆಮೇಲೆ ತೋಳು ಎತ್ತೋಕೇ ಆಗ್ತಿರ್ಲಿಲ್ಲ. ತಲೆ ಬಾಚೋಕೂ ಗಂಡನೇ ಬೇಕಾಗಿತ್ತು.”

“ಚರ್ಮದ ಗುಳ್ಳೆಗೆ ಹೊಟ್ಟೆ ಉಬ್ಬುತ್ತಾ? ಸುಮ್ನಿರೇ.”

“ನೀನೇನು ಡಾಕ್ಟರಾ? ಕಾರು ಹತ್ತು.”

ಡಾಕ್ಟರ್ ಸ್ವಾಲಾ ಸ್ಕ್ಯಾನ್ ಮಾಡಿಸಿ ನೋಡಿದರು.

“ಗಡ್ಡೆ ಇಲ್ಲ, ಕರುಳೂ ಜಾರಿಲ್ಲ. ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅಡಗಿ ಕೂತಿರುತ್ತೆ. ಅದೇ ಈಗ ಸರ್ಪಸುತ್ತಾಗಿ ಎದ್ದಿದೆ. ಸ್ನಾಯುವಿನ ನರಕ್ಕೂ ಪೆಟ್ಟು ಬಿದ್ದಿದೆ, ಅದಕ್ಕೇ ಹೊಟ್ಟೆಯ ಸ್ನಾಯು ಸೋತು ಅಲ್ಲಿ ಉಬ್ಬಿದೆ. ಹೀಗಾಗೋದು ಅಪರೂಪ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತೆ. ಆದ್ರೆ ಗುಳ್ಳೆ ಎದ್ದಾಗಲೇ ನೀವು ಬರಬೇಕಿತ್ತು.”

“ಗಡ್ಡೆ ಅಲ್ವಾ?” ಅವನು ಮತ್ತೆ ಕೇಳಿದ.

“ಅಲ್ಲ.”

ಅಷ್ಟು ಕೇಳಿದ್ದೇ ತಡ, ಸಮುದ್ರದ ಮೇಲೆ ಆಯಸ್ಸು ಕಳೆದ ಆ ಮನುಷ್ಯ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಸೋಫಿಯಾ ಬೆನ್ನು ಸವರಿದಳು.

ಮನೆಯಲ್ಲಿ ಎಲ್ಲ ಕೇಳಿದ ರಗ್ನೈದುರ್ ಮೊದಲು ಚೆನ್ನಾಗಿ ಬೈದಳು. ಆಮೇಲೆ ಅವನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಡಾಕ್ಟರ್ ಹೇಳಿಕೊಟ್ಟ ವ್ಯಾಯಾಮವನ್ನು ಸ್ಟೇನ್‌ಥೋರ್ ತಪ್ಪದೆ ಮಾಡಿದ. ಬೇಸಿಗೆಯ ಹೊತ್ತಿಗೆ ಉಬ್ಬು ಬಹುಪಾಲು ಇಳಿದಿತ್ತು. ವೈದ್ಯರನ್ನು ಕೇಳಿ ಗಂಡ ಹೆಂಡತಿ ಇಬ್ಬರೂ ಲಸಿಕೆ ಹಾಕಿಸಿಕೊಂಡರು.

ಒಂದು ದಿನ ಅವನು ಒಣಮೀನಿನ ಕಟ್ಟು ಹಿಡಿದು ಸೋಫಿಯಾಳ ಬಾಗಿಲು ತಟ್ಟಿದ.

“ನೀನು ಅವತ್ತು ಎಳ್ಕೊಂಡು ಹೋಗದಿದ್ರೆ ನಾನು ಹೆದರಿಕೆಯಿಂದ್ಲೇ ಸಾಯ್ತಿದ್ದೆ ಕಣೇ. ನಿನ್ನ ಉಪಕಾರ ಮರೆಯಲ್ಲ.”

“ಬರೀ ಮೀನಾ? ಮೀನಿಗೆ ಹಚ್ಕೊಂಡು ತಿನ್ನೋಕೆ ಬೆಣ್ಣೆ ಎಲ್ಲೋ?” ಎಂದಳು ಸೋಫಿಯಾ, ಕಣ್ಣೊರೆಸಿಕೊಳ್ಳುತ್ತಾ.

ಓದುಗರೇ, ಮೈಯ ಒಂದೇ ಕಡೆ ಉರಿಯೂ ಗುಳ್ಳೆಯೂ ಕಂಡರೆ ಎಣ್ಣೆ ಹಚ್ಚಿ ಕಾಯಬೇಡಿ. ಮೂರು ದಿನದೊಳಗೆ ಔಷಧಿ ಶುರುವಾದರೆ ಒಳ್ಳೆಯದು. ಗುಳ್ಳೆ ಒಣಗಿದ ಮೇಲೂ ಕೈಕಾಲಿನ ಶಕ್ತಿ ಕುಂದಿದರೆ, ಹೊಟ್ಟೆ ಉಬ್ಬಿದರೆ, ವೈದ್ಯರಿಗೆ ತೋರಿಸಿ. ಐವತ್ತು ದಾಟಿದ್ದರೆ ಲಸಿಕೆಯ ಬಗ್ಗೆ ವಿಚಾರಿಸಿ. ಹೆದರಿಕೆಯನ್ನಂತೂ ಒಬ್ಬರೇ ಬಚ್ಚಿಟ್ಟುಕೊಳ್ಳಬೇಡಿ, ಮನೆಯವರಿಗೆ ಇವತ್ತೇ ಹೇಳಿ.